ದುಃಖದಲ್ಲಿ ಶಾಂತಿ: ಪಂಡಿತಾ ರಮಾಬಾಯಿಯವರ ಬಾಳಿನಿಂದ

ಮನೆಯಲ್ಲಿ ಒಂದು ಸಾವಾಯಿತೆನ್ನಿ. ನೆಂಟರು ಬರುತ್ತಾರೆ, ನೆರೆಹೊರೆಯವರು ಬರುತ್ತಾರೆ. ಬಂದವರೆಲ್ಲ ಒಳ್ಳೆಯ ಮನಸ್ಸಿನವರೇ. ‘ಹೋದವರು ಪುಣ್ಯವಂತರು’ ಎನ್ನುತ್ತಾರೆ. ‘ಋಣವಿದ್ದಷ್ಟು ದಿನ’ ಎನ್ನುತ್ತಾರೆ. ‘ಮಕ್ಕಳ ಮುಖ ನೋಡಿಯಾದರೂ ಧೈರ್ಯ ತಂದುಕೊಳ್ಳಿ’ ಎಂದು ಹೇಳಿ, ಸ್ವಲ್ಪ ಹೊತ್ತು ಕುಳಿತು ಎದ್ದು ಹೋಗುತ್ತಾರೆ. ದುಃಖದಲ್ಲಿರುವವರು ಎಲ್ಲಕ್ಕೂ ತಲೆಯಾಡಿಸುತ್ತಾರೆ. ಆದರೆ ಆ ಮಾತುಗಳಲ್ಲಿ ಎಷ್ಟು ಮನಸ್ಸಿನೊಳಕ್ಕೆ ಇಳಿದವು ಎಂದು ಕೇಳಿದರೆ, ಅನುಭವಿಸಿದವರು ಸುಮ್ಮನಾಗುತ್ತಾರೆ. ನಿಮ್ಮಲ್ಲಿ ಕೆಲವರಿಗಾದರೂ ಇದು ತಿಳಿದ ವಿಷಯವೇ ಇರಬೇಕು.

ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಯೋಬನೆಂಬುವನ ಕಥೆಯೊಂದಿದೆ. ಸಿರಿವಂತ, ಸಜ್ಜನ. ಒಂದೇ ದಿನದಲ್ಲಿ ಅವನ ದನಕರುಗಳು ಹೋದವು, ಏಳು ಗಂಡುಮಕ್ಕಳೂ ಮೂವರು ಹೆಣ್ಣುಮಕ್ಕಳೂ ಸತ್ತರು. ಅನಂತರ ಅವನ ಮೈತುಂಬ ಹುಣ್ಣಾಯಿತು. ಸುದ್ದಿ ಕೇಳಿ ಮೂವರು ಗೆಳೆಯರು ಬಂದರು. ಏಳು ಹಗಲು ಏಳು ರಾತ್ರಿ ಅವನ ಜೊತೆಯಲ್ಲಿ ನೆಲದ ಮೇಲೆ ಕುಳಿತರು. ಒಬ್ಬರೂ ತುಟಿ ಬಿಚ್ಚಲಿಲ್ಲ. ಅಲ್ಲಿಯವರೆಗೆ ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಎಂಟನೆಯ ದಿನ ಬಾಯಿ ತೆರೆದರು ನೋಡಿ, ಕೆಲಸ ಕೆಟ್ಟಿತು! ‘ನೀನು ಏನೋ ಪಾಪ ಮಾಡಿರಬೇಕು, ಇಲ್ಲದಿದ್ದರೆ ಹೀಗೇಕಾದೀತು?’ ಎಂಬುದು ಅವರ ವಾದ. ಪುಸ್ತಕದ ಬಹುಭಾಗ ಈ ವಾದಕ್ಕೇ ಸಂದಿದೆ. ಕಡೆಯಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತನಾಡುತ್ತಾನೆ. ಯೋಬನನ್ನೂ ಪ್ರಶ್ನೆಗಳಿಂದ ತತ್ತರಿಸುವಂತೆ ಮಾಡುತ್ತಾನೆ, ನಿಜ. ಆದರೆ ತನ್ನ ವಿಷಯದಲ್ಲಿ ಸರಿಯಾದದ್ದನ್ನು ಆಡಲಿಲ್ಲವೆಂದು ಗದರುವುದು ಆ ಗೆಳೆಯರನ್ನು. ಕಾರಣ ಹೇಳಲು ಹೋದವರು ತಪ್ಪಿತಸ್ಥರಾದರು. ಅಳುತ್ತ, ದೂರುತ್ತ, ದೇವರನ್ನೇ ಕೇಳಿದವನು ಸರಿಯೆನಿಸಿಕೊಂಡನು. ತನಗೆ ಈ ಕಷ್ಟ ಏಕೆ ಬಂತೆಂಬುದನ್ನು ಮಾತ್ರ ಯೋಬನಿಗೆ ಯಾರೂ ತಿಳಿಸುವುದೇ ಇಲ್ಲ.

ದುಃಖದ ಕಾರಣ ತಿಳಿದರೆ ಶಾಂತಿ ಬಂದೀತೆಂದು ನಂಬುವವರಿಗೆ ಇದು ವಿಚಿತ್ರವಾಗಿ ತೋರಬಹುದು. ಹಾಗಾದರೆ ಕ್ರೈಸ್ತ ಶ್ರದ್ಧೆಯುಳ್ಳವರು ನೊಂದಾಗ ‘ಶಾಂತಿ’ ಎಂದು ಕರೆಯುವುದಾದರೂ ಯಾವುದನ್ನು? ಸಿದ್ಧಾಂತದ ಮೂಲಕ ಹೇಳಹೊರಟರೆ ವಿಷಯ ಒಣಗಿಹೋಗುತ್ತದೆ. ಆದ್ದರಿಂದ ಒಂದು ಬಾಳನ್ನೇ ಎದುರಿಗಿಟ್ಟುಕೊಂಡು ನೋಡೋಣ. ಪುಣೆಯವರು, ಮಹಾರಾಷ್ಟ್ರದವರು ಎಂದೇ ಹೆಸರಾಗಿದ್ದರೂ, ಹುಟ್ಟಿನಿಂದ ನಮ್ಮ ಘಟ್ಟದ ಕಾಡಿಗೆ ಸೇರಿದ ಹೆಣ್ಣುಮಗಳೊಬ್ಬಳ ಬಾಳು ಅದು.

ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತುಂಗಾ, ಭದ್ರಾ, ನೇತ್ರಾವತಿಗಳ ಉಗಮವೆಂದು ನೀವು ಶಾಲೆಯಲ್ಲಿ ಓದಿದ ಸ್ಥಳವೇ ಅದು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳದ ಮನೆತನದವರು, ಮನೆಮಾತು ಮರಾಠಿ. ಶಾಸ್ತ್ರಿಗಳು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಅಂದಿನ ಕಾಲಕ್ಕೆ ಇದು ಸಣ್ಣ ಅಪರಾಧವಲ್ಲ. ಉಡುಪಿಯಲ್ಲಿ ಸುಮಾರು 400 ಮಂದಿ ವಿದ್ವಾಂಸರ ಸಭೆಯ ಮುಂದೆ ಅವರು ಉತ್ತರ ಹೇಳಬೇಕಾಯಿತು. ಸ್ತ್ರೀಯರು ಪುರಾಣಸಾಹಿತ್ಯವನ್ನು ಓದುವುದು ಶಾಸ್ತ್ರಕ್ಕೆ ವಿರುದ್ಧವಲ್ಲವೆಂದು ಗ್ರಂಥಗಳ ಆಧಾರದಿಂದಲೇ ಸಾಧಿಸಿ ಹಿಂತಿರುಗಿದರು. ಮಗಳು ಮುಂದೆ ಯಾರಿಗೂ ಸುಲಭವಾಗಿ ತಲೆಬಾಗದವಳಾದದ್ದರಲ್ಲಿ ಆಶ್ಚರ್ಯವೇನಿಲ್ಲ.

ಕೂಸಿಗೆ ಆರು ತಿಂಗಳಾಗಿದ್ದಾಗಲೇ ಸಂಸಾರ ಕಾಡು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಊರಿಂದೂರಿಗೆ, ಕ್ಷೇತ್ರದಿಂದ ಕ್ಷೇತ್ರಕ್ಕೆ, ಪುರಾಣ ಓದಿ ಬಂದುದರಲ್ಲಿ ಜೀವನ. ತಾಯಿಯೇ ಗುರು. ಭಾಗವತದ 18,000 ಶ್ಲೋಕಗಳನ್ನು ರಮಾ ಎಳೆವಯಸ್ಸಿನಲ್ಲೇ ಬಾಯಿಪಾಠ ಮಾಡಿದ್ದಳು.

ಆಮೇಲೆ ಬಂದದ್ದು 1870ರ ದಶಕದ ಬರಗಾಲ. ಇದ್ದ ಹಣ ದಾನಧರ್ಮಕ್ಕೆ, ವ್ರತಗಳಿಗೆ ಖರ್ಚಾಗಿತ್ತು. ಕೂಲಿ ಮಾಡಲು ತಿಳಿಯದು, ಭಿಕ್ಷೆ ಬೇಡಲು ಮನಸ್ಸು ಬಾರದು. ತಿರುಪತಿಯ ಕಡೆಯ ಕಾಡಿನಲ್ಲಿ ಹನ್ನೊಂದು ಹಗಲು ಹನ್ನೊಂದು ರಾತ್ರಿ ನೀರು, ಎಲೆ, ಒಂದು ಹಿಡಿ ಕಾಡುಖರ್ಜೂರದ ಮೇಲೆ ಕಳೆದುದನ್ನು ರಮಾಬಾಯಿ ಮುಂದೆ ಬರೆದಿದ್ದಾರೆ. 1874ರಲ್ಲಿ ತಂದೆ ತೀರಿಕೊಂಡರು. ಹೆಚ್ಚು ಕಾಲ ಕಳೆಯಲಿಲ್ಲ, ತಾಯಿಯೂ ಹೋದರು. ಶವ ಹೊರಲು ಜನವಿಲ್ಲ. ಕಡೆಗೆ ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಮುಂದೆ ಬಂದರು. ಅಣ್ಣ ಶ್ರೀನಿವಾಸನೂ ರಮಾಳೂ ಉಳಿದ ಹೆಗಲು ಕೊಟ್ಟರು. ಶ್ಮಶಾನ ಸುಮಾರು ಮೂರು ಮೈಲಿ ದೂರ. ರಮಾ ಗಿಡ್ಡ ಆಳಾದ್ದರಿಂದ ಚಟ್ಟ ಅವಳ ಹೆಗಲಿಗೆ ಎಟುಕಲಿಲ್ಲ; ತನ್ನ ಪಾಲಿನ ಭಾರವನ್ನು ತಲೆಯ ಮೇಲೆ ಹೊತ್ತು ನಡೆದಳು. ಆಮೇಲೆ ಅಕ್ಕನೂ ತೀರಿಕೊಂಡಳು.

ಉಳಿದವರು ಅಣ್ಣ ತಂಗಿ ಇಬ್ಬರೇ. ಬರಿಗಾಲಿನಲ್ಲಿ ನಾಲ್ಕು ಸಾವಿರ ಮೈಲಿಗೂ ಹೆಚ್ಚು ತಿರುಗಿದೆವೆಂದು ಅವರ ಲೆಕ್ಕ. ಪಂಜಾಬಿನ ಝೀಲಂ ನದಿಯ ದಡದಲ್ಲಿ ಒಂದು ರಾತ್ರಿ ಚಳಿ ತಡೆಯಲಾರದೆ, ಗೋರಿಯಂತೆ ಎರಡು ಗುಂಡಿ ತೋಡಿ, ಅದರಲ್ಲಿ ಮಲಗಿ, ತಲೆಯೊಂದನ್ನು ಬಿಟ್ಟು ಮೈಮೇಲೆಲ್ಲ ಒಣಮರಳು ಎಳೆದುಕೊಂಡರು. ಇದನ್ನು ಓದುವಾಗ ನಮಗೆ ಎದೆ ಝಲ್ಲೆನ್ನುತ್ತದೆ; ಅವರು ಬರೆದಿರುವುದು ಮಾತ್ರ ಯಾವ ಅಬ್ಬರವೂ ಇಲ್ಲದೆ.

1878ರಲ್ಲಿ ಇಬ್ಬರೂ ಕಲ್ಕತ್ತೆ ಸೇರಿದರು. ಅಲ್ಲಿನ ವಿದ್ವಾಂಸರು ಅವರ ಸಂಸ್ಕೃತಕ್ಕೆ ಬೆರಗಾಗಿ ‘ಪಂಡಿತಾ’, ‘ಸರಸ್ವತೀ’ ಎಂಬ ಬಿರುದುಗಳನ್ನು ಕೊಟ್ಟರು. ಅಲ್ಲಿಯೇ ಮೊಟ್ಟಮೊದಲು ಒಂದು ಕ್ರೈಸ್ತರ ಕೂಟಕ್ಕೆ ಹೋಗಿದ್ದರು. ಪ್ರಾರ್ಥನೆಯ ಹೊತ್ತಿಗೆ ಎಲ್ಲರೂ ಕುರ್ಚಿಗಳ ಕಡೆ ಮುಖಮಾಡಿ ಮೊಣಕಾಲೂರಿದರು. ‘ಈ ಜನ ಕುರ್ಚಿಗಳನ್ನು ಪೂಜಿಸುತ್ತಾರೆ’ ಎಂದುಕೊಂಡರಂತೆ ಅಣ್ಣ ತಂಗಿ! ಹೊರಗಿನಿಂದ ನೋಡಿದರೆ ಯಾರ ಪೂಜೆಯಾದರೂ ಹಾಗೆಯೇ ಕಾಣುತ್ತದೆ.

1880ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ರಮಾಬಾಯಿ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾಗಿ ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ ಹೂಡಿದರು. ಬೇರೆ ಜಾತಿ, ಬೇರೆ ಭಾಷೆ, ರಿಜಿಸ್ಟರ್ ಮದುವೆ. ಮರುವರ್ಷ ಹೆಣ್ಣುಮಗು ಹುಟ್ಟಿತು. ಮನೋರಮಾ ಎಂದು ಹೆಸರಿಟ್ಟರು. ಮನೆಯ ಪುಸ್ತಕಗಳ ನಡುವೆ ಬಂಗಾಳಿಯಲ್ಲಿ ಅಚ್ಚಾದ ಲೂಕನ ಸುವಾರ್ತೆಯ ಒಂದು ಪ್ರತಿ ಕೈಗೆ ಸಿಕ್ಕಿತು. ಅದು ಅಲ್ಲಿಗೆ ಹೇಗೆ ಬಂತೆಂದು ಅವರಿಗೇ ತಿಳಿಯದು. ಆಸಕ್ತಿಯಿಂದ ಓದಿದರು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ತೀರಿಕೊಂಡರು. ಇಪ್ಪತ್ತಮೂರು ವರ್ಷದ ವಿಧವೆ, ಕಂಕುಳಲ್ಲಿ ಹತ್ತು ತಿಂಗಳ ಮಗು. ಎಂಟು ವರ್ಷಗಳಲ್ಲಿ ಐದು ಸಾವು.

ಇಲ್ಲಿ ಸ್ವಲ್ಪ ನಿಲ್ಲೋಣ. ಇಂಥ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಮುಂದಿನ ವಾಕ್ಯಕ್ಕೆ ಧಾವಿಸುತ್ತಾರೆ: ‘ಆಗ ಅವರು ಕ್ರಿಸ್ತನನ್ನು ಕಂಡರು, ದುಃಖವೆಲ್ಲ ಕರಗಿತು.’ ಹಾಗಾಗಲಿಲ್ಲ. ಹಾಗಾಗಿದ್ದರೆ ಈ ಬಾಳಿನಿಂದ ನಮಗೆ ಕಲಿಯುವುದು ಕಡಮೆಯೇ ಇರುತ್ತಿತ್ತು.

1883ರಲ್ಲಿ ಅವರು ಮಗುವಿನೊಡನೆ ಇಂಗ್ಲೆಂಡಿಗೆ ಹೋದರು. ವಾಂಟೇಜ್ ಎಂಬಲ್ಲಿ ಸನ್ಯಾಸಿನಿಯರ ಆಶ್ರಮದಲ್ಲಿ ಉಳಿದರು. ಅವರ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಉಪದೇಶವಲ್ಲ, ಲಂಡನ್ನಿನ ಫುಲ್‌ಹ್ಯಾಮಿನಲ್ಲಿ ಕಂಡ ಒಂದು ಮನೆ. ಸಮಾಜ ಕೆಟ್ಟವರೆಂದು ಬಿಟ್ಟ ಹೆಂಗಸರನ್ನು ಅಲ್ಲಿ ಸೋದರಿಯರು ಕರೆದು ಇಟ್ಟುಕೊಂಡು, ಉಪಚರಿಸಿ, ಕೆಲಸ ಕಲಿಸುತ್ತಿದ್ದರು. ಹೀಗೇಕೆ ಮಾಡುತ್ತೀರಿ ಎಂದು ಕೇಳಿದಾಗ ಯೇಸುವೂ ಸಮಾರ್ಯದ ಸ್ತ್ರೀಯೂ ಬಾವಿಯ ಬಳಿ ಮಾತನಾಡಿದ ಕಥೆಯನ್ನು ಓದಿಹೇಳಿದರು. ಆ ವರ್ಷದ ಸೆಪ್ಟೆಂಬರ್ 29ರಂದು ರಮಾಬಾಯಿ ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಅದನ್ನು ಇಲ್ಲಿ ಬೆಳೆಸುವುದು ಬೇಡ. ಅತ್ತ ವಾಂಟೇಜಿನವರಿಗೂ ಆಕೆಯಿಂದ ನೆಮ್ಮದಿಯಿರಲಿಲ್ಲ! ಒಪ್ಪಿಗೆಯಾಗದ ಸಿದ್ಧಾಂತವನ್ನು ಒಪ್ಪಿದೆನೆನ್ನಲು ಆಕೆ ತಯಾರಿರಲಿಲ್ಲ. ಹಿರಿಯ ಸೋದರಿಯರ ಜೊತೆ ಪತ್ರಗಳಲ್ಲಿ ಪಟ್ಟುಹಿಡಿದು ವಾದಿಸಿದರು. ಉಡುಪಿಯ ಸಭೆಯಲ್ಲಿ ನಿಂತವರ ಮಗಳಲ್ಲವೇ?

ಇಷ್ಟಾದರೂ ಶಾಂತಿ ಬಂದಿರಲಿಲ್ಲ. 1907ರಲ್ಲಿ ಬರೆದ ತಮ್ಮ ಸಾಕ್ಷ್ಯದಲ್ಲಿ ಅವರೇ ಇದನ್ನು ಬಿಡಿಸಿ ಹೇಳಿದ್ದಾರೆ. ದೀಕ್ಷೆಯ ದಿನ ತಮಗೆ ದೊರೆತದ್ದು ಕ್ರಿಸ್ತನ ಧರ್ಮ. ಕ್ರಿಸ್ತನು ದೊರೆಯಲು ಇನ್ನೂ ಎಂಟು ವರ್ಷ ಬೇಕಾಯಿತು. ಮತವನ್ನು ಬುದ್ಧಿಯಿಂದ ಒಪ್ಪುವುದು ಒಂದು, ನೋವನ್ನು ಒಬ್ಬರ ಕೈಯಲ್ಲಿಟ್ಟು ನಂಬಿ ಸುಮ್ಮನಾಗುವುದು ಇನ್ನೊಂದು. ಆ ಎಂಟು ವರ್ಷ ಅವರು ಸುಮ್ಮನೆ ಕುಳಿತಿರಲಿಲ್ಲ. ಅಮೆರಿಕಕ್ಕೆ ಹೋದರು, ಪುಸ್ತಕ ಬರೆದರು, 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಹೊರಗಿನವರ ಕಣ್ಣಿಗೆ ಯಶಸ್ಸಿನ ಮೇಲೆ ಯಶಸ್ಸು. ಒಳಗೆ ಮಾತ್ರ ಏನೋ ಕೊರತೆ ಇದ್ದೇ ಇತ್ತು. ವಿಲಿಯಂ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿ ಬರೆದ ಆತ್ಮಕಥೆಯನ್ನು ಓದಿದಾಗ, ತಮ್ಮಂತೆಯೇ ಮತಬೋಧೆಯೆಲ್ಲ ತಿಳಿದೂ ಒಳಗೆ ಬರಿದಾಗಿದ್ದವರು ಇನ್ನೊಬ್ಬರಿದ್ದಾರೆಂದು ಅವರಿಗೆ ಕಂಡಿತು. ತಿರುವು ಬಂದದ್ದು ಆ ದಿನಗಳಲ್ಲಿ, 1891ರ ಸುಮಾರಿಗೆ.

ಏನು ಆ ತಿರುವು? ಇದನ್ನು ತಿಳಿಯಬೇಕಾದರೆ ಸುವಾರ್ತೆಗಳಲ್ಲಿ ದುಃಖವನ್ನು ಹೇಗೆ ಕಾಣಿಸಿದ್ದಾರೆಂದು ನೋಡಬೇಕು. ಬೇಥಾನ್ಯ ಎಂಬ ಹಳ್ಳಿಯಲ್ಲಿ ಲಾಜರನೆಂಬ ಗೆಳೆಯ ಸತ್ತಾಗ ಯೇಸು ನಾಲ್ಕು ದಿನ ತಡವಾಗಿ ಬರುತ್ತಾನೆ. ಸತ್ತವನನ್ನು ಎಬ್ಬಿಸುವೆನೆಂದು ಅವನಿಗೆ ಗೊತ್ತು. ಆದರೂ ಅಕ್ಕತಂಗಿಯರ ಅಳುವನ್ನು ನೋಡಿ ಅವನೂ ಅಳುತ್ತಾನೆ. ‘ಅಳಬೇಡಿ, ಅಳುವುದು ಶ್ರದ್ಧೆಯಿಲ್ಲದವರ ಲಕ್ಷಣ’ ಎಂದು ಹೇಳುವವರಿಗೆ ಈ ಒಂದು ಪ್ರಸಂಗವೇ ಸಾಕಾದ ಉತ್ತರ. ಮರಣದ ಹಿಂದಿನ ರಾತ್ರಿ ಗೆತ್ಸೇಮನೆಯ ತೋಟದಲ್ಲಿ ಆತ ಆ ಸಂಕಟವನ್ನು ತಪ್ಪಿಸುವಂತೆ ಬೇಡಿಕೊಳ್ಳುತ್ತಾನೆ. ತಪ್ಪುವುದಿಲ್ಲ. ಶಿಲುಬೆಯ ಮೇಲೆ ದೇವರು ತನ್ನ ಕೈಬಿಟ್ಟನೇಕೆಂದು ಕೂಗುತ್ತಾನೆ. ಆ ಕೂಗೂ ಅವನ ಸ್ವಂತ ಮಾತಲ್ಲ. 22ನೆಯ ಕೀರ್ತನೆಯ ಮೊದಲ ಸಾಲು.

ಕೀರ್ತನೆಗಳು ಒಟ್ಟು 150. ಅವುಗಳಲ್ಲಿ ಎಷ್ಟೋ ಕೀರ್ತನೆಗಳು ಬರೀ ಗೋಳಾಟ. ದೇವರನ್ನು ಹೊಗಳಲು ಕುಳಿತವನು ಅವನ ಮೇಲೆಯೇ ದೂರು ಹೇಳುತ್ತಾನೆ. ನಮ್ಮ ದಾಸರ ನಿಂದಾಸ್ತುತಿಗಳನ್ನು ಕೇಳಿ ಬೆಳೆದ ನಿಮಗೆ ಇದು ಹೊಸತೆನಿಸದು. ಬಹುಪಾಲು ಕೀರ್ತನೆಗಳಲ್ಲಿ ಗೋಳಿನ ಕೊನೆಗೆ ಭರವಸೆಯ ಮಾತೊಂದು ಬರುತ್ತದೆ. 88ನೆಯದರಲ್ಲಿ ಅದೂ ಇಲ್ಲ, ಅದು ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅಂಥದನ್ನೂ ಪ್ರಾರ್ಥನೆಯೆಂದು ಇಟ್ಟುಕೊಂಡಿರುವುದು ಆ ಸಂಪ್ರದಾಯದ ದೊಡ್ಡತನವೆಂದು ನನಗೆ ತೋರುತ್ತದೆ. ದೇವರ ಮೇಲಿನ ಮುನಿಸನ್ನು ದೇವರಿಗೇ ಹೇಳಿಕೊಳ್ಳಬಹುದು ಎಂದಾಗ ದುಃಖಿಗೆ ಅರ್ಧ ಭಾರ ಇಳಿಯುತ್ತದೆ. ಮುಚ್ಚಿಟ್ಟುಕೊಂಡು ನಗಬೇಕಾಗಿಲ್ಲವಲ್ಲ!

ಇನ್ನು ಪುನರುತ್ಥಾನದ ಸಂಜೆ. ಶಿಷ್ಯರು ಭಯದಿಂದ ಬಾಗಿಲು ಹಾಕಿಕೊಂಡು ಕುಳಿತಿದ್ದಾರೆ. ಯೋಹಾನನ ಸುವಾರ್ತೆ ಹೇಳುವಂತೆ, ಯೇಸು ನಡುವೆ ಬಂದು ನಿಂತು ಮೊದಲು ಅವರಿಗೆ ಶಾಂತಿಯನ್ನು ಹಾರೈಸುತ್ತಾನೆ. ಒಡನೆಯೇ ತನ್ನ ಕೈಗಳನ್ನೂ ಪಕ್ಕೆಯನ್ನೂ ತೋರಿಸುತ್ತಾನೆ. ಸಾವನ್ನು ಗೆದ್ದು ಬಂದ ಮೈಯಲ್ಲಿ ಮೊಳೆಯ ಗುರುತೂ ಈಟಿಯ ಗುರುತೂ ಹಾಗೆಯೇ ಇವೆ. ಒಂದೇ ಗಳಿಗೆಯಲ್ಲಿ ಶಾಂತಿಯ ಹಾರೈಕೆ, ಗಾಯದ ದರ್ಶನ. ಕ್ರೈಸ್ತರು ದುಃಖದಲ್ಲಿ ಶಾಂತಿ ಎನ್ನುವಾಗ ಹೇಳುವುದು ಇಂಥ ಶಾಂತಿಯನ್ನು. ಗಾಯ ಮಾಯವಾಯಿತೆಂದಲ್ಲ, ಗಾಯದ ಜೊತೆಗಿದ್ದೇ ಎದ್ದು ನಿಲ್ಲಲು ಸಾಧ್ಯವಾಯಿತೆಂದು. ಅದಕ್ಕಿಂತ ಹೆಚ್ಚಾಗಿ, ತನ್ನ ಗಾಯವನ್ನು ಬಲ್ಲವನೊಬ್ಬನು ಜೊತೆಯಲ್ಲಿದ್ದಾನೆಂದು. ಮಂಗಳೂರು, ಉಡುಪಿಗಳ ಕಡೆ ನವೆಂಬರ್ 2ರಂದು ಕಥೊಲಿಕರು ತಮ್ಮವರ ಗೋರಿಗಳಿಗೆ ಹೂ ಏರಿಸಿ ಮೇಣದಬತ್ತಿ ಹಚ್ಚುವುದನ್ನು ನೀವು ನೋಡಿರಬಹುದು. ಹತ್ತು ವರ್ಷದ ಹಿಂದೆ ಹೋದವರಿಗೂ ಅಂದು ಕಣ್ಣೀರು ಬರುತ್ತದೆ. ನಿತ್ಯಜೀವದಲ್ಲಿ ನಂಬಿಕೆಯಿಟ್ಟವರೇ ಅವರು; ನಂಬಿಕೆಗೂ ಕಣ್ಣೀರಿಗೂ ಜಗಳವಿಲ್ಲ.

ಮತ್ತೆ ರಮಾಬಾಯಿಯವರ ಕಡೆಗೆ ಬರೋಣ. ಅವರಿಗೆ ದೊರೆತದ್ದು ಎಂಥ ಶಾಂತಿಯೆಂಬುದು 1896ರಲ್ಲಿ ಪರೀಕ್ಷೆಗೆ ಬಂತು. ಮಧ್ಯಪ್ರಾಂತ್ಯದಲ್ಲಿ ಕ್ಷಾಮ ಬಿದ್ದಿತ್ತು. ಹಸಿವೆಂಬುದನ್ನು ಮರೆಯಬಹುದಾಗಿದ್ದರೆ ಅವರು ಪುಣೆಯಲ್ಲಿ ತಮ್ಮ ಶಾಲೆಯನ್ನು ನೋಡಿಕೊಂಡು ಇರಬಹುದಾಗಿತ್ತು. ಇಪ್ಪತ್ತು ವರ್ಷದ ಹಿಂದಿನ ಕಾಡು, ಎಲೆ ತಿಂದ ದಿನಗಳು, ತಂದೆತಾಯಿಯರ ಕೊನೆ ಎಲ್ಲವೂ ಆಗ ಎದ್ದು ಬಂದವು. ಆ ನೆನಪೇ ಅವರನ್ನು ರೈಲು ಹತ್ತಿಸಿತು. ಪಟ್ಟ ಪಾಡನ್ನು ಬರದ ಅನುಭವಗಳೆಂದು ಬರೆದದ್ದೂ ಆ ಕಾಲದಲ್ಲಿಯೇ, 1897ರಲ್ಲಿ. ಬರದ ಊರುಗಳಿಂದ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ಕಟ್ಟಳೆಗಳಿಂದಾಗಿ ಅಷ್ಟು ಜನರನ್ನು ಇಟ್ಟುಕೊಳ್ಳುವಂತಿರಲಿಲ್ಲ. ಪುಣೆಯಿಂದ ಮೂವತ್ತು ಮೈಲಿಯಾಚೆಗೆ ಕೇಡಗಾಂವಿನಲ್ಲಿ ಕೊಂಡಿದ್ದ ಹೊಲದಲ್ಲಿ ಗುಡಿಸಿಲು ಹಾಕಿಸಿದರು. ಅದೇ ಮುಂದೆ ಮುಕ್ತಿ ಸದನವಾಯಿತು.

1900ರಲ್ಲಿ ಗುಜರಾತಿನ ಕ್ಷಾಮ. ಅಲ್ಲಿಂದಲೂ ನೂರಾರು ಜನ ಬಂದರು. ಸದನದಲ್ಲಿದ್ದವರ ಸಂಖ್ಯೆ ಎರಡು ಸಾವಿರಕ್ಕೆ ಸಮೀಪಿಸಿತು. ಮಗ್ಗ, ಹೈನು, ತೋಟ, ಎಣ್ಣೆಗಾಣ, ಅಚ್ಚುಕೂಟ, ಕುರುಡರಿಗೆ ಓದು ಕಲಿಸುವ ವ್ಯವಸ್ಥೆ ಎಲ್ಲವೂ ಅಲ್ಲಿಯೇ ನಡೆಯಿತು. ದುಃಖಪಟ್ಟವರು ಕೈಕಟ್ಟಿ ಕೂಡಬಾರದೆಂಬುದು ರಮಾಬಾಯಿಯವರಿಗೆ ಬರಿಯ ಉಪದೇಶವಾಗಿರಲಿಲ್ಲ. ಹಸಿದು ಬಂದ ಹುಡುಗಿಗೆ ಅವರು ಯೋಬನ ಗೆಳೆಯರಂತೆ ಕಾರಣ ವಿವರಿಸಲಿಲ್ಲ. ಮೊದಲು ಅನ್ನ, ಬಟ್ಟೆ, ಮಲಗಲು ಜಾಗ. ಇಂದಿಗೂ ಕೇಡಗಾಂವಿನಲ್ಲಿ ಆ ಸಂಸ್ಥೆ ನಡೆಯುತ್ತಿದೆ.

ಮತಾಂತರದ ವಿಷಯವಾಗಿ ಅವರ ಮೇಲೆ ಬಂದ ಟೀಕೆಗಳು ಅನೇಕ, ಅವುಗಳಲ್ಲಿ ಕೆಲವಕ್ಕೆ ಕಾರಣವೂ ಇತ್ತು. 1893ರಲ್ಲಿ ಶಾರದಾ ಸದನದಿಂದ ಎಷ್ಟೋ ಹುಡುಗಿಯರನ್ನು ಅವರ ಮನೆಯವರು ಬಿಡಿಸಿಕೊಂಡು ಹೋದರು. ಸಲಹೆ ಕೊಡುತ್ತಿದ್ದ ಪುಣೆಯ ಹಿರಿಯರೂ ದೂರ ಸರಿದರು. ಆಕೆಯ ಮತವನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಒಪ್ಪದವರೂ ಆಕೆಯ ಸಹನೆಯನ್ನು ಅಲ್ಲಗಳೆದುದನ್ನು ನಾನು ಕಂಡಿಲ್ಲ.

ಮಗಳು ಮನೋರಮಾ ಓದಿ ಬಂದು ತಾಯಿಗೆ ಬಲಗೈಯಾದಳು. 1912ರಲ್ಲಿ ಕಲಬುರಗಿಯಲ್ಲಿ, ಆಗ ಅದು ನಿಜಾಮರ ಸೀಮೆ, ಒಂದು ಹೈಸ್ಕೂಲು ತೆರೆದಾಗ ಅದರ ಭಾರವನ್ನು ಮನೋರಮಾ ಹೊತ್ತಳು. ಗಂಗಾಮೂಲದಲ್ಲಿ ತೊಡಗಿದ ಬಾಳಿಗೆ ಕನ್ನಡ ನಾಡಿನ ನಂಟು ಹೀಗೆ ಇನ್ನೊಮ್ಮೆ ಕೂಡಿಬಂತು. ಮುಕ್ತಿ ಸದನವನ್ನು ತನ್ನ ಅನಂತರ ಮಗಳು ನೋಡಿಕೊಳ್ಳುವಳೆಂದು ತಾಯಿ ನಂಬಿದ್ದರು. 1921ರ ಜುಲೈಯಲ್ಲಿ ಮಿರಜಿನಲ್ಲಿ ಮನೋರಮಾ ತೀರಿಕೊಂಡಳು. ಅವಳಿಗೆ ನಲವತ್ತು ವರ್ಷ. ತಾಯಿಗೆ ಅರವತ್ತಮೂರು, ಕಿವಿಯೂ ಬಹಳ ಮಂದವಾಗಿತ್ತು.

ಆ ಹೊತ್ತಿಗೆ ರಮಾಬಾಯಿಯವರ ಕೈಯಲ್ಲಿ ಹಲವು ವರ್ಷಗಳಿಂದ ನಡೆಯುತ್ತಿದ್ದ ಒಂದು ಕೆಲಸವಿತ್ತು. ಇಡೀ ಬೈಬಲ್ಲನ್ನು ಮರಾಠಿಗೆ ತರುವುದು. ಅದಕ್ಕಾಗಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತಿದ್ದರು. ಹದಿನೆಂಟು ಸಾವಿರ ಸಂಸ್ಕೃತ ಶ್ಲೋಕ ಬಾಯಿಗೆ ಬರುತ್ತಿದ್ದವರು ಬೇಕೆಂದೇ ಸಂಸ್ಕೃತದ ಬಿಗಿಯನ್ನು ಬಿಟ್ಟು, ಹಳ್ಳಿಯ ಹೆಂಗಸರು ಓದಿ ತಿಳಿಯುವಂಥ ಸರಳವಾದ ಮಾತನ್ನು ಹುಡುಕಿದರು. ಯೋಬನ ಗೋಳು, ಆ 88ನೆಯ ಕೀರ್ತನೆ, ಲಾಜರನ ಗೋರಿಯ ಬಳಿಯ ಅಳು ಎಲ್ಲವನ್ನೂ ಮೂಲದಿಂದ ಒಂದೊಂದೇ ಪದವಾಗಿ ತೂಗಿ ತಮ್ಮ ಭಾಷೆಗೆ ತಂದವರು ಅವರು. ಮಗಳು ಹೋದ ಮೇಲೂ ಆ ಕೆಲಸ ನಿಲ್ಲಲಿಲ್ಲ. ಅನುವಾದ ಮುಗಿಯಿತು, ಕರಡು ತಿದ್ದುವುದೂ ಕೊನೆಗೆ ಬಂತು. 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಣುಮುಚ್ಚಿದರು. ಪುಸ್ತಕ ಪೂರ್ಣವಾಗಿ ಹೊರಬಂದದ್ದು 1924ರಲ್ಲಿ. ಅದರ ಅಚ್ಚುಮೊಳೆಗಳನ್ನು ಜೋಡಿಸಿದವರು ಮುಕ್ತಿ ಸದನದಲ್ಲಿ ಆಸರೆ ಪಡೆದ ಹೆಂಗಸರೇ.